ಎಡಗಡೆಯ ಕಹಳೆ

ಕಾಮೊ ಊರಿನ ಹೊಳೆಯಂಚಿನ ಸಾಲಿನಲ್ಲಿ ತ್ಸುರುಮಾಕಿ ಮಸಾಕಿಚಿಯ ಮನೆ ಯಾವುದೆಂದು ಯಾರೂ ಯಾರನ್ನೂ ವಿಚಾರಿಸಬೇಕಾಗಿರಲಿಲ್ಲ. ಭಾನುವಾರ ಸೇತುವೆಯ ಮೇಲೆ ಸುಮ್ಮನೆ ನಿಂತರೆ ಸಾಕು, ಮನೆ ತಾನೇ ಕೂಗಿ ಕರೆಯುತ್ತಿತ್ತು. ಚಳಿಗಾಲದಲ್ಲಿ ಅವನು ದಪ್ಪ ತಂತಿಯ ವಾದ್ಯದ ರೆಕಾರ್ಡು ಹಾಕಿದನೆಂದರೆ ಸೂರಿನ ಮೇಲೆ ಕಟ್ಟಿದ್ದ ಹಿಮ ಜರ್ರನೆ ಜಾರಿ ಅಂಗಳಕ್ಕೆ ಬೀಳುತ್ತಿತ್ತು. ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ, "ನಮ್ಮ ಸೂರಿಗೂ ಒಂದು ಹಾಡು ಹಾಕಪ್ಪಾ ಮಸಾ, ಸಲಿಕೆ ಹಿಡಿಯೋಕೆ ನನ್ನ ಕೈಲಾಗಲ್ಲ" ಅನ್ನುತ್ತಿದ್ದಳು.

ಮಸಾಕಿಚಿ ಬಾಗಿಲು ಮಾಡುವವನು. ಕಾಗದ ಅಂಟಿಸಿದ ಜಾರುಬಾಗಿಲು, ಹಾಸಿಗೆ ಗೂಡಿನ ಕದ, ಇಂಥವು. ಅವನು ಕೂರಿಸಿದ ಬಾಗಿಲನ್ನು ಕಿರುಬೆರಳಿನಿಂದ ತಳ್ಳಿದರೂ ಉಸಿರೆತ್ತದೆ ಸರಿಯುತ್ತಿತ್ತು. ಹಗಲೆಲ್ಲ ಊರವರ ಮನೆಯ ಸದ್ದು ಕದ್ದು ತಂದು ಸಂಜೆಗೆ ತನ್ನ ಮನೆಯಲ್ಲಿ ಬಿಚ್ಚುತ್ತಾನೆ ಅಂತ ಜನ ನಗುತ್ತಿದ್ದರು.

ಬಿಚ್ಚುವುದಕ್ಕೆ ಅವನು ಕಟ್ಟಿಕೊಂಡಿದ್ದು ಎರಡು ಕಹಳೆ. ಅಂಗಡಿಯಲ್ಲಿ ಸಿಗುವ ಸ್ಪೀಕರ್ ಪೆಟ್ಟಿಗೆಯನ್ನು ಕಂಡವರಿಗೆ ಇದು ಸ್ಪೀಕರ್ ಅಂದರೆ ನಂಬಿಕೆ ಬರುತ್ತಿರಲಿಲ್ಲ. ಎಂಟು ಹುಲ್ಲುಚಾಪೆ ಹಾಸುವಷ್ಟು ದೊಡ್ಡ ಕೋಣೆಯ ಒಂದು ಗೋಡೆ ಒಡೆದು, ಆಚೆಯ ಉಗ್ರಾಣವನ್ನೂ ನುಂಗಿ, ನೆಲದಡಿಯಿಂದ ಸುತ್ತಿ ಬಂದು ತೆರೆದುಕೊಂಡ ಮರದ ಬಾಯಿಗಳು ಅವು. ಒಂದೊಂದು ಬಾಯಿಯೊಳಗೂ ಆಳೊಬ್ಬ ತಲೆ ಬಗ್ಗಿಸದೆ ನಿಲ್ಲಬಹುದಿತ್ತು. ಹಿಂದಕ್ಕೆ ಹೋದಂತೆ ಕಿರಿದಾಗಿ, ಕೊನೆಗೆ ಗಂಟಲಿನ ಹತ್ತಿರ ತೆಂಗಿನಕಾಯಿ ತೂರುವಷ್ಟೇ ಜಾಗ. ಆ ಗಂಟಲಿನ ತುದಿಯಲ್ಲಿ ಅಂಗೈಯಗಲದ ಪೊರೆಯೊಂದು ನಡುಗುತ್ತಿತ್ತು. ಅಲ್ಲಿ ಪಿಸುಗುಟ್ಟಿದ್ದು ಇಲ್ಲಿ ಬಾಯಿಗೆ ಬರುವಷ್ಟರಲ್ಲಿ ಮೈದುಂಬಿ ಬರುತ್ತಿತ್ತು.

"ಮದುವೆ ಮಾಡುವಾಗ ಒಂದು ಬಾಯಿಗೆ ಅನ್ನ ಹಾಕಿದ್ರೆ ಸಾಕು ಅಂದಿದ್ರು," ಅನ್ನುತ್ತಿದ್ದಳು ಅವನ ಹೆಂಡತಿ ಕಿನುಯೊ, ಬಂದವರ ಮುಂದೆ ಚಹಾ ಇಡುತ್ತ. "ಇಲ್ಲಿ ಬಂದು ನೋಡ್ತೀನಿ, ಮೂರು ಬಾಯಿ. ಪುಣ್ಯಕ್ಕೆ ಎರಡು ಬಾಯಿಗೆ ಉಪ್ಪಿನಕಾಯಿ ಬೇಡ."

ಹೀಗೆ ಆಡಿಕೊಂಡು ನಗುತ್ತಿದ್ದ ಕಿನುಯೊ ಇಲ್ಲದೆ ಆ ಕಹಳೆಗಳು ಕಹಳೆಗಳಾಗುತ್ತಿರಲಿಲ್ಲ. ಯಾಕೆಂದರೆ ಇದು ಒಬ್ಬರಿಂದ ಆಗುವ ಕೆಲಸವಲ್ಲ. ಗಂಟಲಿನ ಬಳಿ ತೂರಿಕೊಂಡು ಮರ ಹೆರೆಯುವವನಿಗೆ ಮುಂದೆ ಹೇಗೆ ಕೇಳಿಸುತ್ತಿದೆ ಎಂದು ಗೊತ್ತಾಗುವುದಿಲ್ಲ. ಮುಂದೆ ಒಬ್ಬರು ಕೂತು ಹೇಳಬೇಕು. ಅದಕ್ಕೆಂದು ಕೋಣೆಯ ನಡುವೆ, ಎರಡೂ ಬಾಯಿಗಳಿಗೆ ಸಮದೂರದಲ್ಲಿ, ಮಸಾಕಿಚಿ ಒಂದು ಮರದ ಕುರ್ಚಿ ಇಟ್ಟಿದ್ದ. ಕುರ್ಚಿಯ ನಾಲ್ಕು ಕಾಲು ಹುಲ್ಲುಚಾಪೆಯಲ್ಲಿ ನಾಲ್ಕು ಗುಳಿ ಮಾಡಿದ್ದವು. ಗುಡಿಸುವಾಗ ಎತ್ತಿದರೂ ಮತ್ತೆ ಅದೇ ಗುಳಿಗಳಲ್ಲಿ ಇಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ಅದು ಆ ಮನೆಯ ಶಾಸ್ತ್ರ.

ಅದರಲ್ಲಿ ಕೂರುವವಳು ಕಿನುಯೊ. ಮಸಾಕಿಚಿ ಒಬ್ಬಳೇ ಹೆಣ್ಣು ಹಾಡುವ ರೆಕಾರ್ಡು ಹಚ್ಚಿ ಕಹಳೆಯೊಳಗೆ ಹೋಗುತ್ತಿದ್ದ. ಹಿಂದಿನಿಂದ ಅವನ ದನಿ, "ಎಲ್ಲಿ ನಿಂತಿದ್ದಾಳೆ?"

ಕಿನುಯೊ ಕಣ್ಣು ಮುಚ್ಚಿ, ಅಡುಗೆಮನೆಯಿಂದ ಹಾಗೇ ಹಿಡಿದು ತಂದ, ಪಾತ್ರೆಯಲ್ಲಿ ಕೈಯಾಡಿಸುವ ಉದ್ದನೆಯ ಕಡ್ಡಿಯನ್ನು ಮುಂದಕ್ಕೆ ಚಾಚುತ್ತಿದ್ದಳು. ಹಾಡುವವಳ ಬಾಯಿ ಎಲ್ಲಿದೆಯೋ ಕಡ್ಡಿಯ ತುದಿ ಅಲ್ಲಿ. "ನಡುವೇನೇ. ಆದ್ರೆ ಚೂರು ಕುಳ್ಳಿಯಾಗಿದ್ದಾಳೆ." ಅವನು ಹೆರೆಯುತ್ತಿದ್ದ. "ಈಗ?" "ಈಗ ನನ್ನ ಎತ್ತರ. ಬಲಕ್ಕೆ ಒಂದು ಹೆಜ್ಜೆ ಸರಿದಳು ನೋಡಿ." ಅವನು ಮತ್ತೆ ಹೆರೆಯುತ್ತಿದ್ದ. ಆ ಹಾಡುವವಳು ಎರಡು ಬಾಯಿಗಳ ನಟ್ಟನಡುವೆ ಬಂದು, ಉಸಿರು ತೆಗೆದುಕೊಳ್ಳುವುದೂ ಕೇಳುವಂತೆ ನಿಂತಳೆಂದರೆ ಕಹಳೆ ಕಟ್ಟುವವರ ಜನ್ಮ ಸಾರ್ಥಕ.

ಮಸಾಕಿಚಿಗೆ ತನ್ನ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಪ್ರಾಯದಿಂದ ಗರಗಸದ ಯಂತ್ರದ ಪಕ್ಕದಲ್ಲೇ ಬಾಳಿದವನು; ಯಂತ್ರ ನಿಂತಿದ್ದು ಅವನ ಬಲಗಡೆ. "ನಂದು ಮರದ ಪುಡಿ ತುಂಬಿದ ಕಿವಿ, ಅವಳದ್ದು ತೊಳೆದಿಟ್ಟ ಬಟ್ಟಲು," ಅನ್ನುತ್ತಿದ್ದ. ಹೆಂಡತಿಯ ಕಿವಿಯನ್ನು ಅಷ್ಟು ನಂಬಿದ ಗಂಡ ಆ ಸೀಮೆಯಲ್ಲೇ ಇರಲಿಲ್ಲ. ಆ ನಂಬಿಕೆಯೇ ಅವನನ್ನು ಮುಳುಗಿಸಿತು.

ಒಂದು ವರ್ಷ, ಕಿತ್ತಳೆಯ ಬಣ್ಣಕ್ಕೆ ಗುಡ್ಡದ ಎಲೆಗಳೆಲ್ಲ ಮಾಗುವ ಹೊತ್ತು, ಕಿನುಯೊ ಕುರ್ಚಿಯಲ್ಲಿ ಕೂತವಳು ಕಡ್ಡಿಯನ್ನು ಕೊಂಚ ಬಲಕ್ಕೆ ಚಾಚಿದಳು.

"ರೀ, ಎಡಗಡೇದು ಮಂಕಾಗಿದೆ ಅನ್ಸುತ್ತೆ."

"ಎಷ್ಟು?"

"ಒಂದು ಎಳೆಯಷ್ಟು. ತೆಳ್ಳಗಿನ ಬಟ್ಟೆ ಹೊದಿಸಿದ ಹಾಗೆ."

ಮಸಾಕಿಚಿ ತಾನೂ ಕೂತು ಕೇಳಿದ. ಅವನಿಗೆ ಎರಡೂ ಸಮವಾಗಿಯೇ ಇದ್ದವು. ಅಲ್ಲೇ ಅವನು ಲೆಕ್ಕ ಹಾಕಿದ: ನನ್ನ ಬಲಗಿವಿಯನ್ನು ಗರಗಸ ತಿಂದಿದೆ, ಅದಕ್ಕೇ ಬಲಗಡೆಯ ಹೆಚ್ಚಳ ನನಗೆ ತಿಳಿಯುತ್ತಿಲ್ಲ. ಲೆಕ್ಕ ಎಷ್ಟು ಚೆಂದ ಕೂಡಿಬಂತೆಂದರೆ ಅದರಲ್ಲಿ ಬಿರುಕೇ ಇರಲಿಲ್ಲ. ಮಾರನೆಯ ದಿನ ನೆಲದ ಹಲಗೆ ಎಬ್ಬಿಸಿ ಎಡಗಡೆಯ ಕಹಳೆಯನ್ನು ಬಿಚ್ಚಿದ.

ಪೊರೆ ಬದಲಾಯಿಸಿದ. ಮಂಕು ಹೋಗಲಿಲ್ಲ. ಗಂಟಲಿನ ಬಳಿ ಮರ ಸೊರಗಿರಬೇಕೆಂದು ಹೊಸ ಹಲಗೆ ಅಂಟಿಸಿ ಹೆರೆದ. ಕಿನುಯೊ ಕೂತು, ಕಣ್ಣು ಮುಚ್ಚಿ, ಮತ್ತೂ ಬಲಕ್ಕೇ ಕಡ್ಡಿ ಚಾಚಿದಳು. ಎಡಗಡೆಗೆ ಹರಿಯುವ ವಿದ್ಯುತ್ ಶಕ್ತಿಯನ್ನು ಏರಿಸಿದ. ಮೊದಮೊದಲು ಒಂದು ಎಳೆಯಷ್ಟಿದ್ದದ್ದು ಹಿಮ ಬೀಳುವಷ್ಟರಲ್ಲಿ ಕಂಬಳಿಯಷ್ಟಾಯಿತು. ಅವನು ಏರಿಸುತ್ತಲೇ ಹೋದ. ಈಗ ಅವನಿಗೆ ಹಾಡುವವಳು ಎಡಗಡೆಯ ಕಿಟಕಿಯ ಪಕ್ಕ ನಿಂತಂತೆ ಕೇಳತೊಡಗಿತು. ತನ್ನ ಬಲಗಿವಿ ಇಷ್ಟು ಬೇಗ ಹೋಯಿತಲ್ಲ ಎಂದು ಒಳಗೊಳಗೇ ನೊಂದುಕೊಂಡ. ಆದರೂ ಕಿನುಯೊಗೆ ಸರಿ ಕೇಳಿದರೆ ಸಾಕೆಂದು ಸುಮ್ಮನಾದ.

ತಿಂಗಳಿಗೊಮ್ಮೆ ಗೆಳೆಯರು ಬರುತ್ತಿದ್ದರು. ಒಬ್ಬ ಕುವಾಬಾರಾ, ಸಾಕೆ ಅನ್ನುವ ಅಕ್ಕಿಮದ್ಯದ ಅಂಗಡಿಯವನು. ಮನೆಯಲ್ಲಿ ತಾನೂ ತಗಡಿನ ಕಹಳೆ ಇಟ್ಟುಕೊಂಡವನು. ಇನ್ನೊಬ್ಬರು ನೊಸಾಕಾ ಮೇಷ್ಟ್ರು, ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತರಾದವರು. ಕಹಳೆಯವರಲ್ಲಿ ಒಂದು ಕಟ್ಟುಪಾಡು ಇದೆ. ಒಬ್ಬನ ಮನೆಗೆ ಹೋಗಿ ಅವನ ಕಹಳೆಯನ್ನು ದೂರಬಾರದು. ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಕಟ್ಟಿದ್ದನ್ನು ಒಂದು ಮಾತಿನಲ್ಲಿ ಒಡೆಯುವುದು ಸಲ್ಲದು. ತೀರಾ ತಡೆಯದಿದ್ದರೆ ತಪ್ಪನ್ನು ರೆಕಾರ್ಡಿನ ಮೇಲೆ ಹಾಕಬೇಕು.

"ಈ ರೆಕಾರ್ಡು ಮಾಡಿದೋನು ಆಯಮ್ಮನ್ನ ಕಿಟಕಿ ಪಕ್ಕ ನಿಲ್ಲಿಸಿಬಿಟ್ಟಿದ್ದಾನೆ ಕಣೋ ಮಸಾ," ಅಂದ ಕುವಾಬಾರಾ, ಬಟ್ಟಲು ಕೆಳಗಿಟ್ಟು.

"ಹೋದ ಸಲ ಕೇಳಿದ್ದೂ ಹಾಗೇ ಇತ್ತಲ್ಲಪ್ಪ," ಅಂದರು ಮೇಷ್ಟ್ರು.

"ಅದನ್ನ ಮಾಡಿದ್ದೂ ಅವನೇ ಇರಬೇಕು. ಸೆಕೆ ಜಾಸ್ತಿ ಅವನಿಗೆ."

ಎಲ್ಲರೂ ನಕ್ಕರು. ಮಸಾಕಿಚಿಯೂ ನಕ್ಕ. ಕಟ್ಟುಪಾಡು ಅವನಿಗೂ ಗೊತ್ತಿತ್ತು; ಅವರು ಹೇಳುತ್ತಿದ್ದುದು ಏನೆಂದೂ ಗೊತ್ತಿತ್ತು. ಆದರೆ ಇವರ ಕಿವಿ ಹೆಚ್ಚೋ, ಕಿನುಯೊಳ ಕಿವಿ ಹೆಚ್ಚೋ? ಅವರಿಗೆ ಇನ್ನೊಂದು ಬಟ್ಟಲು ಬಗ್ಗಿಸಿ ಮಾತು ಮರೆಸಿದ.

ಆ ಚಳಿಗಾಲದಲ್ಲಿ ಕಿನುಯೊ ಗೋಡೆ ಹಿಡಿದು ನಡೆಯುವುದನ್ನು ಕಲಿತಳು. "ಹಿಮ ಬಿದ್ದ ಮೇಲೆ ಎಲ್ಲರೂ ಹೀಗೇ ಬಾತುಕೋಳಿ ಥರಾನೇ ನಡೆಯೋದು," ಅಂದಳು, ಮನೆಯೊಳಗೆ ಹಿಮವಿಲ್ಲದಿದ್ದರೂ. ಫೋನನ್ನು ಎಡಗೈಯಿಂದ ಬಲಗೈಗೆ ದಾಟಿಸಿದಳು. ಚಹಾ ಸುರಿಯುವಾಗ ಬಟ್ಟಲಿನ ಹೊರಗೆ ಸುರಿದು, "ಬೆಕ್ಕಿಗೆ ಇಟ್ಟಿದ್ದು," ಅಂದಳು. ಮಸಾಕಿಚಿ ಇವನ್ನೆಲ್ಲ ನೋಡಲಿಲ್ಲವೆಂದಲ್ಲ. ಅವನು ಕಹಳೆಯೊಳಗಿದ್ದ. ಹೊರಗೆ ಬಂದಾಗಲೂ ಅವನ ತಲೆ ಅಲ್ಲೇ ಇರುತ್ತಿತ್ತು.

ಹಿಮ ಕರಗುವ ಮುನ್ನ, ಒಂದು ಮಧ್ಯಾಹ್ನ, ಅವನು ಕಹಳೆಯ ಹಿಂದೆ ಮಂಡಿಯೂರಿ ಅಂಟು ಮೆತ್ತಿದ ಕೈಯಲ್ಲಿ ತಿರುಪು ತಿರುಗಿಸುತ್ತಿದ್ದಾಗ ಮುಂದಿನಿಂದ ಅವಳ ದನಿ ಬಂತು.

"ಬಂದಳು ಕಣ್ರೀ. ನಡುವೆ ಬಂದಳು."

"ನಿಜವಾಗ್ಲೂ?"

"ನಟ್ಟನಡುವೆ. ಇನ್ನು ಮುಟ್ಟಬೇಡಿ. ಹೊರಗೆ ಬಂದು ಒಂದು ತುತ್ತು ಊಟ ಮಾಡಿ."

ಅವನು ತಲೆಗೂದಲಲ್ಲಿ ಮರದ ಸುರುಳಿ ಸಿಕ್ಕಿಸಿಕೊಂಡು ತೆವಳಿ ಹೊರಗೆ ಬಂದ. ಕಿನುಯೊ ಕುರ್ಚಿಯಲ್ಲಿ ಕೂತು ಎಡಗಡೆಯ ಕಿಟಕಿಯತ್ತ ಮುಖ ಮಾಡಿದ್ದಳು.

"ಅತ್ತ ಯಾಕೆ ತಿರುಗಿದ್ದೀಯ?"

"ಹಿಮ ನೋಡ್ತಾ ಕೇಳಿದ್ರೆ ಇನ್ನೂ ಚೆನ್ನಾಗಿರುತ್ತೆ," ಅಂದು ಅವನ ತಲೆಯಿಂದ ಸುರುಳಿ ತೆಗೆದು ಹಾಕಿದಳು. ಅವತ್ತು ಅವಳು ಕೆಸುವಿನ ಗಡ್ಡೆಯ ಸಾರು ಮಾಡಿದ್ದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಅಷ್ಟು ನೆಮ್ಮದಿಯ ಊಟ ಅವನಿಗೆ ಆಮೇಲೆ ಸಿಗಲಿಲ್ಲ.

ವಸಂತದಲ್ಲಿ ಮಸಾಕಿಚಿ ಹೆಂಡತಿಗೆ ಹೇಳದೆ ರೈಲು ಹತ್ತಿ ಪಕ್ಕದ ಊರಿನ ಕಿವಿ ಡಾಕ್ಟರ ಹತ್ತಿರ ಹೋದ. ತನ್ನ ಕಿವಿ ತೋರಿಸಲಿಕ್ಕೆ. ಕಿನುಯೊ ಕೇಳುವ ಹಾಗೆ ಕೇಳಲಿಕ್ಕೆ ತನಗೇನಾದರೂ ದಾರಿ ಉಂಟೋ ಎಂದು ತಿಳಿಯಬೇಕಿತ್ತು. ಡಾಕ್ಟರು ಅವನನ್ನು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಕಿವಿಗೆ ಸಣ್ಣ ಸಣ್ಣ ಸದ್ದು ಕೇಳಿಸಿ, ಹೊರಗೆ ಕರೆದರು.

"ವಯಸ್ಸಾಗಿದೆ, ತೀರಾ ಸಣ್ಣ ಸದ್ದು ಹೋಗಿದೆ. ಆದ್ರೆ ಎರಡೂ ಕಿವಿ ಒಂದೇ ಸಮ. ಒಂದೇ ಹಲಗೆಯಿಂದ ಕೊಯ್ದ ಹಾಗಿವೆ."

"ಬಲಗಿವಿ ಕೆಟ್ಟಿರಬೇಕಲ್ಲ ಡಾಕ್ಟ್ರೇ. ಇನ್ನೊಂದ್ಸಲ ನೋಡಿ."

ಇನ್ನೊಂದು ಸಲ ನೋಡಿದರು. "ಕೆಟ್ಟಿಲ್ಲ ಅಂದ್ರೆ ಬೇಜಾರು ಮಾಡ್ಕೊಳ್ಳೋರನ್ನ ಇವತ್ತೇ ನೋಡಿದ್ದು," ಅಂದು ನಕ್ಕರು.

ರೈಲಿನಲ್ಲಿ ಕಿಟಕಿಯಾಚೆ ನೀರು ತುಂಬಿದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಮಸಾಕಿಚಿ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ತನ್ನ ಹಳೆಯ ಲೆಕ್ಕವನ್ನು ಮತ್ತೆ ಬಿಚ್ಚಿದ. ನನ್ನ ಎರಡು ಕಿವಿ ಸಮವಾದರೆ ಎಡಗಡೆಯ ಕಹಳೆ ಜೋರಾಗಿಯೇ ಇದೆ. ಕುವಾಬಾರಾ, ಮೇಷ್ಟ್ರು, ಇಬ್ಬರಿಗೂ ಸರಿಯಾಗಿಯೇ ಕೇಳುತ್ತಿದೆ. ಮೊದಲ ದಿನವೂ ಕಹಳೆ ಸಮವಾಗಿಯೇ ಇತ್ತು. ಹಾಗಾದರೆ ಮಂಕಾಗಿದ್ದದ್ದು ಕಹಳೆಯಲ್ಲ.



ಮನೆಗೆ ಬಂದಾಗ ಕಿನುಯೊ ಅಡುಗೆಮನೆಯ ನೆಲದಲ್ಲಿ ಕೂತು ಗಡ್ಡೆ ಹೆರೆಯುತ್ತಿದ್ದಳು. ಹಿತ್ತಲ ಬಾಗಿಲು ಅವಳ ಬಲಗಡೆ ತೆರೆದಿತ್ತು. ಇವನು ತಾನೇ ಮಾಡಿದ ಸದ್ದಿಲ್ಲದ ಬಾಗಿಲನ್ನು ಸರಿಸಿ ಅವಳ ಎಡಗಡೆಯಿಂದ ಒಳಗೆ ಬಂದ. ಕೈ ಚಾಚಿದರೆ ಅವಳ ಭುಜ ಸಿಗುವಷ್ಟು ಹತ್ತಿರ ನಿಂತು ಮೆಲ್ಲಗೆ ಕರೆದ.

"ಕಿನುಯೊ."

ಅವಳು ತಲೆಯೆತ್ತಿ ಬಲಗಡೆಯ ಹಿತ್ತಲ ಬಾಗಿಲಿನತ್ತ ನೋಡಿದಳು. ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಬಂದ್ರಾ? ಹೊರಗೇ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ," ಅಂದಳು ಆ ಬಿಸಿಲಿಗೆ.

ನೀಗಾತಾ ನಗರದ ದೊಡ್ಡಾಸ್ಪತ್ರೆಯಲ್ಲಿ ಅವಳ ತಲೆಯ ಚಿತ್ರ ತೆಗೆದರು. ಎಡಗಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗಡ್ಡೆ ಬೆಳೆದಿತ್ತು. ಕೆಟ್ಟ ಜಾತಿಯದಲ್ಲ, ನಿಧಾನವಾಗಿ ಬೆಳೆಯುವಂಥದ್ದು, ಆದರೆ ಈಗ ಉಸಿರು ನಡೆಸುವ ಜಾಗಕ್ಕೇ ಒತ್ತಿಕೊಂಡಿದೆ ಅಂದರು ಅಲ್ಲಿಯ ಡಾಕ್ಟರು. ತೆಗೆಯಲೇಬೇಕು, ತೆಗೆಯುವುದೂ ಸುಲಭವಲ್ಲ.

"ಸಣ್ಣದಿದ್ದಾಗ ಬಂದಿದ್ರೆ ಇಷ್ಟು ಹೆದರೋ ಹಾಗಿರಲಿಲ್ಲ," ಅಂದರು. "ನಿಮ್ಮದು ತಪ್ಪಿಲ್ಲ ಬಿಡಿ. ಮೊದಲು ಒಂದು ಕಿವಿ ಚೂರೇ ಚೂರು ಮಂಕಾಗೋದು. ಯಾರಿಗೂ ಅದು ಗೊತ್ತಾಗಲ್ಲ."

"ಅವಳಿಗೆ ಗೊತ್ತಾಗಿತ್ತು," ಅಂದ ಮಸಾಕಿಚಿ.

"ಹೌದಾ?"

"ಒಂದು ಎಳೆಯಷ್ಟಿದ್ದಾಗಲೇ ಹೇಳಿದಳು. ನಾನು ಕಹಳೆ ಬಿಚ್ಚಿದೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಈ ಬಡಪಾಯಿ ದುಃಖದಲ್ಲಿ ಏನೋ ಹೇಳುತ್ತಿದ್ದಾನೆಂದು ತಲೆಯಾಡಿಸಿದರು. ಹೋಗುವಾಗ ಇನ್ನೊಂದು ಮಾತು ಹೇಳಿದರು: ಕಳೆದ ಚಳಿಗಾಲದಿಂದಲೇ ಅವಳ ಎಡಗಿವಿಗೆ ಏನೂ ಕೇಳಿಸುತ್ತಿರಲಿಕ್ಕಿಲ್ಲ.

ಆ ಮಾತು ಮಸಾಕಿಚಿಯ ಎದೆಯಲ್ಲಿ ಸಿಬಿರಿನ ಹಾಗೆ ಉಳಿಯಿತು. ಏನೂ ಕೇಳದ ಕಿವಿಗೆ ನಡುವೆಲ್ಲಿಂದ ಬಂತು? ಹಾಗಾದರೆ ಹಿಮ ಕರಗುವ ಮುನ್ನ ಅವಳು ಹೇಳಿದ್ದು ಸುಳ್ಳು. ಗಂಡ ಕಹಳೆಯೊಳಗೆ ಸಾಯುತ್ತಿದ್ದಾನೆಂದು ಮರುಕಪಟ್ಟು ಹೇಳಿದ ಸುಳ್ಳು. ಎಲ್ಲ ಹೋದರೂ ಅದೊಂದಾದರೂ ನಿಜವಾಗಿದ್ದಿದ್ದರೆ, ಒಂದು ಮಧ್ಯಾಹ್ನವಾದರೂ ಅವಳಿಗೆ ಹಾಡು ನೆಟ್ಟಗೆ ಕೇಳಿದ್ದಿದ್ದರೆ ಎಂದು ಅವನಿಗೆ ಹಂಬಲ.

ಶಸ್ತ್ರಕ್ರಿಯೆಯ ಹಿಂದಿನ ದಿನ ಅವಳ ಬಲಗಡೆ ಕೂತು ಕೇಳಿಯೇ ಬಿಟ್ಟ. "ಅವತ್ತು ನಿಜವಾಗ್ಲೂ ನಡುವೆ ಬಂದಿದ್ಲಾ?"

"ಬಂದಿದ್ಲು ಕಣ್ರೀ."

"ಡಾಕ್ಟ್ರು ಬೇರೆ ಹೇಳ್ತಾರೆ."

"ಡಾಕ್ಟ್ರು ನಮ್ಮನೆ ಕುರ್ಚೀಲಿ ಕೂತಿದ್ರಾ?" ಅಂದು ನಕ್ಕಳು. ನಗು ಮುಖದ ಒಂದೇ ಪಕ್ಕದಲ್ಲಿ ಮೂಡಿತು. "ಬೆಕ್ಕಿಗೆ ಮೀನು ಹಾಕೋದು ಮರೀಬೇಡಿ. ಕಹಳೆ ಒಳಗೆ ಮರಿ ಹಾಕೋ ಹಾಗಿದೆ."

ಗಡ್ಡೆ ತೆಗೆದರು. ಅವಳು ಕಣ್ಣು ತೆರೆದಳು, ಅವನ ಬೆರಳು ಹಿಡಿದಳು, ಆದರೆ ನುಂಗುವುದನ್ನು ಗಂಟಲು ಮರೆತುಬಿಟ್ಟಿತ್ತು. ಗಂಜಿಯೂ ಉಸಿರಿನ ದಾರಿ ಹಿಡಿಯುತ್ತಿತ್ತು. ಮರದ ಗಂಟಲನ್ನು ಎಷ್ಟು ಬಗೆಯಲ್ಲಾದರೂ ಹೆರೆಯಬಲ್ಲವನು ಆ ಹಾಸಿಗೆಯ ಪಕ್ಕ ಚಮಚ ಹಿಡಿದು ಸುಮ್ಮನೆ ಕೂತಿರುತ್ತಿದ್ದ. ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಭತ್ತದ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಕಿನುಯೊ ತೀರಿಕೊಂಡಳು.

ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದು ನೆಂಟರು ಹೋದ ಮೇಲೆ ಕುವಾಬಾರಾ ಮತ್ತು ಮೇಷ್ಟ್ರು ಉಳಿದರು. ಕೋಣೆಯಲ್ಲಿ ಧೂಪದ ವಾಸನೆ ಇತ್ತು. ಕುರ್ಚಿಯನ್ನು ನೆಂಟರು ಗೋಡೆಗೆ ಸರಿಸಿಟ್ಟಿದ್ದರು. ಕುವಾಬಾರಾ ತುಂಬ ಕುಡಿದಿದ್ದ, ಆದರೂ ಅಮಲೇರಿರಲಿಲ್ಲ.

"ಮಸಾ, ಎಡಗಡೇದು ಜೋರಾಗಿತ್ತು ಕಣೋ," ಅಂದ.

ಮೇಷ್ಟ್ರು ಅವನ ತೋಳು ಹಿಡಿದರು. ಅವನು ಬಿಡಿಸಿಕೊಂಡ.

"ಆ ಚಳಿಗಾಲವೆಲ್ಲ ಜೋರಾಗಿತ್ತು. ನಾನು ರೆಕಾರ್ಡು ಮಾಡಿದೋನನ್ನ ಬೈಕೊಂಡು ನಿನ್ನ ಸಾಕೆ ಕುಡಿದು ಮನೆಗೆ ಹೋದೆ. ಬಾಯಿ ಬಿಟ್ಟು ಹೇಳಿದ್ರೆ..."

"ನೀವು ಹೇಳಿದ್ರಿ. ನನಗೆ ಅರ್ಥವೂ ಆಗಿತ್ತು," ಅಂದ ಮಸಾಕಿಚಿ. "ನಾನು ನಂಬಿದ್ದು ಅವಳನ್ನ."

ಮೇಷ್ಟ್ರು, "ಸಮ ಮಾಡಿಬಿಡೋಣ ಕಣಪ್ಪ. ಹೀಗೇ ಬಿಡಬಾರದು. ನಾನು ಹಿಂದೆ ಹೋಗ್ತೀನಿ, ನೀನು ಕೂತ್ಕೋ," ಅಂದರು. ಕುವಾಬಾರಾ ಅಡುಗೆಮನೆಯಿಂದ ಆ ಉದ್ದನೆಯ ಕಡ್ಡಿ ತಂದು ಮಸಾಕಿಚಿಯ ಕೈಯಲ್ಲಿಟ್ಟ.

ಕುರ್ಚಿಯನ್ನು ಅದರ ಗುಳಿಗಳಲ್ಲಿ ಇಡಲೆಂದು ಮಸಾಕಿಚಿ ಬಗ್ಗಿದ. ಬಗ್ಗಿದವನು ಹಾಗೇ ಮಂಡಿಯೂರಿ ಕೂತುಬಿಟ್ಟ. ಚಾಪೆಯಲ್ಲಿ ನಾಲ್ಕೇ ಗುಳಿ ಇರಲಿಲ್ಲ. ಹಳೆಯ ನಾಲ್ಕರ ಪಕ್ಕದಲ್ಲಿ ಇನ್ನೊಂದಷ್ಟು ಸಣ್ಣ ಗುಳಿಗಳು, ಅವುಗಳ ಪಕ್ಕ ಮತ್ತಷ್ಟು, ಎಲ್ಲವೂ ಒಂದೇ ದಿಕ್ಕಿಗೆ ತಿರುಗುತ್ತ ಹೋಗಿದ್ದವು. ಚಳಿಗಾಲವೆಲ್ಲ ಅವಳು ಕುರ್ಚಿಯನ್ನು ಚೂರು ಚೂರೇ ಎಡಕ್ಕೆ ತಿರುಗಿಸಿಕೊಂಡು ಬಂದಿದ್ದಳು. ಕೊನೆಯ ಗುಳಿಗಳು ಕಿಟಕಿಗೆ ನೇರವಾಗಿದ್ದವು. ಬಾಗಿಲಿನ ಚೌಕಟ್ಟಿನಲ್ಲಿ ಅಕ್ಕಿಯಷ್ಟು ಓರೆಯನ್ನು ಕಣ್ಣಿನಲ್ಲೇ ಅಳೆಯುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಿಟಕಿಗೆ ಮುಖ ಮಾಡಿ ಕೂತರೆ ಬಲಗಿವಿ ಕಹಳೆಗಳಿಗೆ ನೇರವಾಗುತ್ತದೆ. ಉಳಿದಿದ್ದ ಒಂದು ಕಿವಿಯನ್ನು ಅವಳು ಎರಡು ಬಾಯಿಗಳ ನಟ್ಟನಡುವೆ ತಂದು ನಿಲ್ಲಿಸಿದ್ದಳು. ಅವನು ಹಿಂದೆ ಕಹಳೆಯನ್ನು ತಿರುಗಿಸುತ್ತಿದ್ದ. ಮುಂದೆ ಅವಳು ತನ್ನನ್ನೇ ತಿರುಗಿಸಿಕೊಳ್ಳುತ್ತಿದ್ದಳು.

"ಸುಳ್ಳು ಹೇಳಿರಲಿಲ್ಲ ಕಣೋ," ಅಂದ ಮಸಾಕಿಚಿ, ಗುಳಿಗಳನ್ನು ಬೆರಳಿನಿಂದ ಸವರುತ್ತ. ಕುವಾಬಾರಾ ಏನೂ ತಿಳಿಯದೆ ಅವನ ಪಕ್ಕ ತಾನೂ ಮಂಡಿಯೂರಿ ಕೂತ.

ಮೇಷ್ಟ್ರು ಎಡಗಡೆಯ ಶಕ್ತಿಯನ್ನು ಹಳೆಯ ಗುರುತಿಗೆ ಇಳಿಸಿ ಕಹಳೆಯ ಹಿಂದೆ ಹೋದರು. ಹೆರೆದು ಹೋದ ಮರವನ್ನು ಮತ್ತೆ ತುಂಬಲಾಗದು. ಉಳಿದದ್ದನ್ನು ಕಿವಿಯಿಂದಲೇ ಸರಿತೂಗಿಸಬೇಕು. ಕುವಾಬಾರಾ ಆ ಒಬ್ಬಳೇ ಹೆಣ್ಣಿನ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಮಸಾಕಿಚಿ ಕುರ್ಚಿಯನ್ನು ಕೊನೆಯ ಗುಳಿಗಳಲ್ಲಿ ಇಟ್ಟು, ಕಿಟಕಿಗೆ ಮುಖ ಮಾಡಿ ಕೂತ. ಎಡಗಿವಿಯನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿದ.

ಹೊರಗೆ ಆ ವರ್ಷದ ಮೊದಲ ಹಿಮ ಬೀಳತೊಡಗಿತ್ತು. ಹಾಡು ಬಂತು. ಹತ್ತಿರವೂ ಇತ್ತು, ತುಂಬಿಕೊಂಡೂ ಇತ್ತು.

"ಎಲ್ಲಿ ನಿಂತಿದ್ದಾಳೆ?" ಹಿಂದಿನಿಂದ ಮೇಷ್ಟ್ರು ಕೇಳಿದರು.

ಮಸಾಕಿಚಿ ಕಡ್ಡಿಯನ್ನು ಎತ್ತಿದ. ಒಂದು ಕಿವಿಗೆ ಎಡವೂ ಇಲ್ಲ, ಬಲವೂ ಇಲ್ಲ. ಹಾಡು ಬರುತ್ತಿತ್ತು, ಹಾಡುವವಳು ಎಲ್ಲೂ ನಿಂತಿರಲಿಲ್ಲ. ಕಡ್ಡಿ ಗಾಳಿಯಲ್ಲಿ ಸ್ವಲ್ಪ ಹೊತ್ತು ತಡವರಿಸಿತು.

"ಮಸಾ? ಎಲ್ಲಿದ್ದಾಳೆ, ಹೇಳಪ್ಪ."

"ನಡುವೆ," ಅಂದ ಅವನು. "ನಡುವೇನೇ ಇದ್ದಾಳೆ ಮೇಷ್ಟ್ರೇ. ಹೊರಗೆ ಬನ್ನಿ."